ಸಾಖರಪುಡಾಕ್ಕೆ ಬಂದ ಬಸ್ಸಿನ ಮಂದಿ

ಚಂದವ್ವ ತೀರಿಕೊಂಡ ಸುದ್ದಿ ಬಂದಾಗ ರತ್ನಾಬಾಯಿ ವಿಠ್ಠಲವಾಡಿ ಸ್ಟೇಶನ್ನಿನ ಹೊರಗಿದ್ದ ತನ್ನ ಹೊಲಿಗೆ ಅಂಗಡಿಯ ಶಟರ್ ಎತ್ತುತ್ತಿದ್ದಳು. ಫೋನು ಮಾಡಿದವನು ಚಂದವ್ವನ ಮಗ ಕಿಟ್ಟು. "ಸಣ್ಣವ್ವಾ, ಅವ್ವ ಹೋದ್ಳು" ಅಂದವನು ಮುಂದೆ ಮಾತಾಡಲಾಗದೆ ಬಿಕ್ಕಿದ. ರತ್ನಾಬಾಯಿ ಅರ್ಧ ಎತ್ತಿದ್ದ ಶಟರನ್ನು ಹಾಗೆಯೇ ಕೆಳಗೆಳೆದು ಬೀಗ ಜಡಿದಳು.

ಚಂದವ್ವ ಅವಳಿಗೆ ಬರೀ ಅಕ್ಕನಲ್ಲ. ಹೆತ್ತವಳು ಬಾಣಂತನದಲ್ಲೇ ಕಣ್ಣು ಮುಚ್ಚಿದ ಮೇಲೆ ಕೂಸನ್ನು ಬಗಲಲ್ಲಿ ಹೊತ್ತು ತಿರುಗಿದವಳು, ಹೊಲಕ್ಕೆ ಹೋದಾಗ ಬದುವಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸಿದವಳು. ತಂಗಿಯ ಲಗ್ನ ಮಾಡಿ ಮುಂಬೈ ಹತ್ತಿರದ ಕಲ್ಯಾಣದ ಕಡೆಗೆ ಕಳಿಸುವಾಗ, "ಅಷ್ಟ ದೂರ ಹೊಂಟಿ. ನಾ ಸತ್ತಾಗರ ಬಂದು ಬಾಯಾಗ ನೀರ ಬಿಡವಾ" ಎಂದು ನಗುತ್ತ ಅಂದಿದ್ದಳು. ನಗುತ್ತ ಅಂದ ಮಾತೇ ಆದರೂ ರತ್ನಾಬಾಯಿ ಅದನ್ನು ಸೆರಗಿನ ಗಂಟಿನಂತೆ ಇಟ್ಟುಕೊಂಡಿದ್ದಳು.

ಅದು ಎರಡು ಸಾವಿರದ ಹನ್ನೊಂದರ ಮೇ ತಿಂಗಳು. ಶಾಲೆಗಳಿಗೆ ರಜೆ ಬಿದ್ದು ಮುಂಬೈ ಕಡೆಯ ಕನ್ನಡಿಗರೆಲ್ಲ ಊರಿಗೆ ಹೊರಟ ಕಾಲ. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಳಿಕೋಟೆಯತ್ತ ಹೋಗುವ ಶಿವಪ್ಪನೆಂಬ ಸಾಹುಕಾರನ ಖಾಸಗಿ ಬಸ್ಸೊಂದೇ ಗತಿ. ಅದು ಮಧ್ಯಾಹ್ನ ವಿಠ್ಠಲವಾಡಿಯಿಂದ ಹೊರಟು, ಡೊಂಬಿವಲಿಯಲ್ಲಿ ಮಂದಿಯನ್ನು ಹತ್ತಿಸಿಕೊಂಡು, ಶಿಲಫಾಟಾ, ಮಹಾಪೆ, ವಾಶಿ ಸುತ್ತಿ ಪುಣೆಯ ದಾರಿ ಹಿಡಿಯುತ್ತಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಊರು.

"ಹಿರೇರು ಇವತ್ತ ಮಣ್ಣ ಮಾಡೂಣು ಅಂತಿದ್ರು. ನಾಳೆ ಮುಂಜಾನಿ ತನಕ ತಡೀರಿ ಅಂತ ಕೈ ಮುಗದೀನಿ" ಅಂದ ಕಿಟ್ಟು, ಮತ್ತೆ ಫೋನು ಮಾಡಿ. "ಬರ್ಫ ತರಿಸೀವಿ. ನೀ ಮುಖ ನೋಡಿದ ಮ್ಯಾಲನ ಎಬ್ಬಸ್ತೀವಿ. ಲಗೂನ ಬಾ."

"ಬರ್ತೀನಿ ತಮ್ಮಾ. ನನ್ನ ಬಿಟ್ಟು ಎಬ್ಬಸಬ್ಯಾಡ್ರಿ."

ಬಂದ ಬಸ್ಸು ಎಂದಿನದಾಗಿರಲಿಲ್ಲ. ಈ ದಾರಿಗೆ ಓಡುತ್ತಿದ್ದದ್ದು ಶಿವಪ್ಪನ ಹೊಸ ಬಿಳಿ ಬಸ್ಸು. ಇದು ಸೀಟಿನ ಸ್ಪಂಜು ಕಿತ್ತುಬಂದ, ಕಿಡಕಿಗಳು ಗಡಗಡ ಅನ್ನುವ ಹಳೆಯ ಗಾಡಿ. ಡ್ರೈವರ್ ಹಣಮಂತ್ರಾಯ ಯಾರ ಮುಖವನ್ನೂ ನೋಡದೆ ಸ್ಟಿಯರಿಂಗ್ ಹಿಡಿದು ಕೂತಿದ್ದ. ಡೊಂಬಿವಲಿ ದಾಟುತ್ತಿದ್ದಂತೆ ಇಂಜಿನ್ನಿನಿಂದ ಹಬೆ ಎದ್ದಿತು. ಮಾನಪಾಡಾದ ಹತ್ತಿರ ಗಾಡಿ ನಿಲ್ಲಿಸಿ ನೀರು ಹುಯ್ದ, ಇಂಜಿನ್ ತಣಿಯುವ ತನಕ ಕಾದ, ಮತ್ತೆ ಹೊರಟ. ಶಿಲಫಾಟಾ ಬಿಟ್ಟು ಮಹಾಪೆ ಕಡೆಯ ಏರು ಹತ್ತುವಾಗ ಒಳಗೆ ಏನೋ ಒಡೆದ ಸದ್ದಾಯಿತು. ಕಾದ ನೀರು ರಸ್ತೆಯ ಮೇಲೆಲ್ಲ ಹರಿಯಿತು. ಬಸ್ಸು ಕಲ್ಲಿನ ಖಣಿಯೊಂದರ ಎದುರಿಗೆ ಸತ್ತ ಎಮ್ಮೆಯಂತೆ ನಿಂತುಬಿಟ್ಟಿತು.

ಮಂದಿ ಇಳಿದು ಬಸ್ಸಿನ ನೆರಳಿಗೆ ಒತ್ತಿಕೊಂಡು ಕೂತರು. ಖಣಿಯ ಧೂಳು, ಕಾದ ಡಾಂಬರು, ಎಡೆಬಿಡದೆ ಹೋಗುವ ಲಾರಿಗಳು. ಡೊಂಬಿವಲಿಯಲ್ಲಿ ಹತ್ತಿದ್ದ ಸೌಭಾಗ್ಯ ಎಂಬ ಹೆಂಗಸು ಎಳೆಗೂಸಿಗೆ ಸೆರಗಿನಿಂದ ಗಾಳಿ ಹಾಕುತ್ತ, "ನಮ್ಮಪ್ಪಗ ಹೇಳಿದ್ದೆ, ಈ ಬಸ್ಸಿನ ಉಸಾಬರಿ ಬ್ಯಾಡ ಅಂತ" ಎಂದು ಗೊಣಗಿದಳು.

ರತ್ನಾಬಾಯಿ ಟಿಕೇಟಿನ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವನು ಶಿವಪ್ಪನೇ.

"ಗಾಡಿ ಕೆಟ್ಟೈತಿ ಅಂತ ಗೊತ್ತಾಗೇತ್ರಿ ಬಾಯಾರ. ಅರ್ಧಾ ತಾಸಿನ್ಯಾಗ ಬ್ಯಾರೆ ಗಾಡಿ ಬರತೈತಿ."

"ಸಾಹುಕಾರ್ರ, ನಮ್ಮಕ್ಕ ತೀರ್ಯಾಳ. ನಾಳೆ ಮುಂಜಾನಿ ಮಣ್ಣು. ಗಾಡಿ ಬರೂದು ತಡ ಆಗೂದಿದ್ರ ಈಗ ಹೇಳಿಬಿಡ್ರಿ. ನಾ ರಿಕ್ಷಾ ಮಾಡಕೊಂಡು ಪನವೇಲಿಗೆ ಹೋಗಿ ಸೊಲ್ಲಾಪುರದ ಎಸ್.ಟಿ. ಬಸ್ಸ ಹಿಡೀತೀನಿ."

"ಛೇ ಛೇ, ಎಲ್ಲಿಗೂ ಹೋಗಬ್ಯಾಡ್ರಿ. ಗಾಡಿ ಠಾಣೆ ಶಹರದಿಂದ ಬಿಟ್ಟೈತಿ. ಇನ್ನೇನ್ ಬಂತು ಅನ್ರಿ."

ಆಗಷ್ಟೇ ಅವಳ ಎದುರಿಗೆ ಒಂದು ಖಾಲಿ ರಿಕ್ಷಾ ನಿಂತಿತ್ತು. "ಪನವೇಲ್?" ಎಂದು ರಿಕ್ಷಾದವನೇ ಕೇಳಿದ. ರತ್ನಾಬಾಯಿ ಕೈಯಾಡಿಸಿ ಬೇಡವೆಂದಳು. ಅದು ಹೊಗೆ ಬಿಡುತ್ತ ಏರು ಹತ್ತಿ ಹೋದದ್ದನ್ನು ಆಮೇಲೆ ಅವಳು ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ.

ಅರ್ಧ ತಾಸು ಹೋಯಿತು. ಇನ್ನೊಂದು ಅರ್ಧ ತಾಸೂ ಹೋಯಿತು. ಹಾದುಹೋದ ಬೇರೆ ಬಸ್ಸುಗಳಿಗೆ ಮಂದಿ ಕೈ ಮಾಡಿದರು. ಎಲ್ಲವೂ ತುಂಬಿದ್ದವು, ಒಂದೂ ನಿಲ್ಲಲಿಲ್ಲ. ನೆರಳು ಬಸ್ಸಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಸರಿಯಿತು, ಮಂದಿಯೂ ಗಂಟುಮೂಟೆ ಎಳೆದುಕೊಂಡು ಅದರ ಹಿಂದೆ ಸರಿದರು. ರತ್ನಾಬಾಯಿ ಮತ್ತೆ ಫೋನು ಹಚ್ಚಿದಳು. ಬಹಳ ಹೊತ್ತು ರಿಂಗಾದ ಮೇಲೆ ಶಿವಪ್ಪ ಎತ್ತಿದ. ಅವನ ದನಿಯ ಹಿಂದೆ ಸನಾದಿ ಊದುವುದು, ಹೆಂಗಸರು ನಗುವುದು ಕೇಳುತ್ತಿತ್ತು.

"ಎಲ್ಲೈತ್ರೀ ನಿಮ್ಮ ಗಾಡಿ? ಅಕ್ಕನ ಹೆಣ ಇಟಗೊಂಡು ಕುಂತಾರ್ರೀ ಅಲ್ಲಿ, ನಾ ಬರ್ತೀನಿ ಅಂತ!"

"ಬರತೈತಿ ಅಂದ್ನೆಲ್ಲ? ಘಳಿಗೀಗೊಮ್ಮೆ ಫೋನ್ ಮಾಡಿದ್ರ ಗಾಡಿ ಹಾರಿ ಬರತೈತೇನು?" ಶಿವಪ್ಪನಿಗೆ ರೇಗಿತ್ತು. "ಸತ್ತವರಿಗೆ ಏನ್ ಅವಸರ ಇರತೈತ್ರೀ ಬಾಯಿ? ಹೆಣ ಎದ್ದು ಎಲ್ಲಿಗರ ಓಡಿ ಹೋಗತೈತೇನು? ಕಾಯತೈತಿ ಬಿಡ್ರಿ."

ಫೋನು ಕಟ್ಟಾಯಿತು. ಆಮೇಲೆ ಮಾಡಿದಾಗ ಬಂದ್ ಆಗಿತ್ತು.

ರತ್ನಾಬಾಯಿ ಫೋನನ್ನು ಕಿವಿಯಿಂದ ತೆಗೆಯದೆ ಹಾಗೆಯೇ ನಿಂತಿದ್ದಳು. ಆ ಫೋನೇ ಮತ್ತೆ ರಿಂಗಾಯಿತು. ಈ ಸಲ ಕಿಟ್ಟು.

"ಸಣ್ಣವ್ವಾ, ಪುಣೆ ದಾಟೀರೇನು?"

"ಇಲ್ಲೋ ತಮ್ಮಾ. ಮಹಾಪೆ ಏರಿನ್ಯಾಗ ಗಾಡಿ ಕೆಟ್ಟ ನಿಂತೈತಿ. ಇನ್ನs ಇಲ್ಲೇ ಅದೀನಿ."

ಆ ಕಡೆ ಕಿಟ್ಟು ಫೋನನ್ನು ಬದಿಗೆ ಹಿಡಿದ. ಯಾರೋ ಹಿರಿಯರ ದನಿ, ಯಾರೋ ಏನೋ ಕೇಳಿದ್ದು, ಕಿಟ್ಟು ಏನೋ ಹೇಳಿದ್ದು. ಆಮೇಲೆ ಅವನೇ ಬಂದ. "ಇನ್ನs ಅಲ್ಲೇ ಇದ್ರ ಬರೂದು ನಾಳೆ ಸಂಜಿ ಆಗತೈತಿ ಅಂತಾರ. ಬಿಸಲ ಭಾಳ ಐತಿ ಸಣ್ಣವ್ವಾ. ಬರ್ಫ ನಿಲ್ಲವಲ್ದು. ಅವ್ವನ ಮುಖ..." ಅವನು ಆ ಮಾತು ಮುಗಿಸಲಿಲ್ಲ. "ಹೊತ್ತ ಮುಳಗೂದ್ರಾಗ ಎಬ್ಬಸ್ತಾರಂತ. ನಾ ಎಷ್ಟ ಹೇಳಿದ್ರೂ ಕೇಳವಲ್ರು."

"ಆಗ್ಲಿ" ಅಂದಳು ರತ್ನಾಬಾಯಿ. "ಬಾಯಾಗ ನನ್ನ ಹೆಸರ್ಲೆ ನೀರ ಬಿಡು."

ಅವಳು ಅಳಬಹುದೆಂದು ಸೌಭಾಗ್ಯ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟಳು. ರತ್ನಾಬಾಯಿ ಅಳಲಿಲ್ಲ. ಕಣ್ಣಿಗೆ ಬರಬೇಕಾದ ನೀರು ಒಳಗೇ ಇಂಗಿಹೋಗಿತ್ತು. ಅವಳು ನೇರವಾಗಿ ಹಣಮಂತ್ರಾಯನ ಹತ್ತಿರ ಹೋದಳು. ಅವನು ಹಿಂದಿನ ಗಾಲಿಗೆ ಆತು ಕೂತು ಬೀಡಿ ಸೇದುತ್ತಿದ್ದ.

"ಅಣ್ಣಾ, ನಿಮ್ಮ ಸಾಹುಕಾರನ ಮನ್ಯಾಗ ಇವತ್ತ ಏನೈತಿ?"

"ನನಗೇನ್ ಗೊತ್ತ್ರೀ ಅಕ್ಕಾರ."

"ಸನಾದಿ ಕೇಳೇನಿ. ನನ್ನ ಅಕ್ಕನ್ನ ಹೊತ್ತ ಮುಳಗೂದ್ರಾಗ ಮಣ್ಣಾಗ ಇಡ್ತಾರ. ಸುಳ್ಳ ಹೇಳಬ್ಯಾಡ."

ಹಣಮಂತ್ರಾಯ ಬೀಡಿ ಎಸೆದ. ನೆಲ ನೋಡುತ್ತಲೇ ಹೇಳಿದ: "ಮಗಳದು ಸಾಖರಪುಡಾ ಐತ್ರೀ, ಲಗ್ನದ ನಿಶ್ಚಯ. ಠಾಣೆದ ನೌಪಾಡಾದಾಗ ದೊಡ್ಡ ಹಾಲ್ ಹಿಡದಾರ. ಹೊಸ ಗಾಡಿ ಬೀಗರನ್ನ ಕರತರಾಕ ಅಲ್ಲೇ ಇಟಗೊಂಡಾರ. ಈ ಗಾಡಿ ರೋಡಿಗೆ ಬಿಡಬ್ಯಾಡ್ರಿ ಅಂತ ನಾ ಬಡಕೊಂಡೆ. ಕೇಳಲಿಲ್ಲ."

"ಹಂಗಾರ ಠಾಣೆದಿಂದ ಬಿಟ್ಟ ಗಾಡಿ?"

"ಯಾವ ಗಾಡೀನೂ ಬಿಟ್ಟಿಲ್ಲ. ಸಾಖರಪುಡಾ ಮುಗದ ಮ್ಯಾಲ ಕಳಸ್ತೀನಿ ಅಂದಾರ."

ಗಾಡಿ ಕೆಡುವುದು ದೈವ. ಅದಕ್ಕೆ ರತ್ನಾಬಾಯಿ ಯಾರನ್ನೂ ಬೈಯುತ್ತಿರಲಿಲ್ಲ. ಆದರೆ ಬರುವುದಿಲ್ಲವೆಂದು ಗೊತ್ತಿದ್ದೂ ಬಂತು ಬಂತು ಎಂದು ಹೇಳಿ ಅವಳನ್ನು ಆ ಏರಿನಲ್ಲಿ ಕಟ್ಟಿ ಹಾಕಿದ್ದು, ಪನವೇಲಿಗೆ ಹೋಗುವ ರಿಕ್ಷಾವನ್ನು ಅವಳ ಕೈಯಿಂದಲೇ ವಾಪಸು ಕಳಿಸಿದ್ದು ದೈವವಲ್ಲ. ಅದು ಶಿವಪ್ಪ.

ಅವಳು ಮಂದಿಯ ನಡುವೆ ಬಂದು ನಿಂತಳು. ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಟ್ಟಿ ದನಿ ಅವಳದು.

"ಕೇಳ್ರಿ ಎಲ್ಲಾರೂ. ಗಾಡಿ ಬರಂಗಿಲ್ಲ. ನಮ್ಮ ಗಾಡಿ ಸಾಹುಕಾರನ ಮಗಳ ಸಾಖರಪುಡಾಕ್ಕ ಹೋಗೇತಿ. ನಾವೂ ಅಲ್ಲಿಗೇ ಹೋಗೂಣು."

ಒಂದಿಷ್ಟು ಜನ ಅನುಮಾನಿಸಿದರು. ಕರೆಯದ ಮನೆಗೆ ಹೋಗುವುದು ಹೇಗೆ ಎಂದಳು ಒಬ್ಬ ಮುದುಕಿ. "ಕರೀದs ಇದ್ರ ನಮ್ಮ ಗಾಡಿ ಹೆಂಗ ಹೋತು?" ಎಂದು ಕೇಳಿ ಸೌಭಾಗ್ಯ ಕೂಸನ್ನು ಎತ್ತಿಕೊಂಡು ನಿಂತೇಬಿಟ್ಟಳು. ಅದರ ಮೇಲೆ ಯಾರೂ ಕೂರಲಿಲ್ಲ. ಮಹಾಪೆಯ ಕಾರ್ಖಾನೆಯೊಂದಕ್ಕೆ ಮಾಲು ಇಳಿಸಿ ಠಾಣೆಗೆ ಹೋಗುವ ಖಾಲಿ ಟೆಂಪೊ ಒಂದು ಸಿಕ್ಕಿತು. ಟ್ರಂಕು, ಗಂಟು, ಮಕ್ಕಳು, ಮುದುಕರು ಎಲ್ಲರನ್ನೂ ಅದರೊಳಗೆ ತುಂಬಿ, ಹಣಮಂತ್ರಾಯನನ್ನೂ ಕೈಹಿಡಿದು ಎಳೆದುಕೊಂಡು ಹೊರಟರು. ಐರೋಲಿ ದಾಟುವಾಗ ಸಮುದ್ರದ ಖಾಡಿಯ ಕಡೆ ಸೂರ್ಯ ಇಳಿಯುತ್ತಿದ್ದ. ಅಕ್ಕನನ್ನು ಈಗ ಎಬ್ಬಿಸಿರಬೇಕು ಅಂದುಕೊಂಡಳು ರತ್ನಾಬಾಯಿ. 

ನೌಪಾಡಾದ ಹಾಲಿನ ಮುಂದೆ ಶಿವಪ್ಪನ ಹೊಸ ಬಿಳಿ ಬಸ್ಸು ಝೆಂಡು ಹೂವಿನ ಮಾಲೆ ತೊಟ್ಟು ನಿಂತಿತ್ತು. ಅದನ್ನು ನೋಡಿದ್ದೇ ಟೆಂಪೊದಲ್ಲಿದ್ದವರ ಸಂಕೋಚವೆಲ್ಲ ಹಾರಿಹೋಯಿತು. ಗಂಟುಗಳನ್ನು ತಲೆಯ ಮೇಲಿಟ್ಟುಕೊಂಡು, ಖಣಿಯ ಧೂಳು ಮೆತ್ತಿದ ಮುಖಗಳಲ್ಲಿ, ಅತ್ತರು ಚಿಮುಕಿಸುತ್ತಿದ್ದ ಹುಡುಗಿಯರನ್ನು ದಾಟಿ ಒಳಗೆ ನುಗ್ಗಿದರು.

ಒಳಗೆ ವೇದಿಕೆಯ ಮೇಲೆ ಹುಡುಗ ಹುಡುಗಿ ಕೂತಿದ್ದರು. ಹುಡುಗನ ಕಡೆಯವರು ಮೈಸೂರಿನವರು, ಠಾಣೆಯಲ್ಲೇ ನೆಲೆಸಿದ ನೌಕರಿಯ ಜನ. ಹುಡುಗ ಅಭಯ್ ಮಹಾಪೆಯ ಕಂಪನಿಯೊಂದರಲ್ಲಿದ್ದ. ಅವನ ತಾಯಿ ಶಾಂತಮ್ಮ ಮುಂದಿನ ಸಾಲಿನಲ್ಲಿ ತಟ್ಟೆಗಳನ್ನು ಜೋಡಿಸಿಕೊಂಡು ಕೂತಿದ್ದರು. ಜರಿಯ ರುಮಾಲು ಸುತ್ತಿದ್ದ ಶಿವಪ್ಪ ಈ ದಂಡನ್ನು ನೋಡಿ, ಅದರ ಹಿಂದೆ ಹಣಮಂತ್ರಾಯನನ್ನು ನೋಡಿ, ಬಿಳಿಚಿಕೊಂಡ.

"ಯಾರ್ರೀ ಇವರೆಲ್ಲಾ?" ಎಂದರು ಶಾಂತಮ್ಮ.

"ನಮ್ಮ ಊರ ಕಡೆ ಮಂದಿ ರೀ, ಊಟಕ್ಕ ಬಂದಾರ" ಎಂದು ಶಿವಪ್ಪ ನಗಲು ನೋಡಿದ. ಓಡಿಬಂದು ತಗ್ಗಿದ ದನಿಯಲ್ಲಿ, "ಬರ್ರಿ, ಬರ್ರಿ, ಮೊದಲ ಊಟ ಮಾಡ್ರಿ. ಈಗಿಂದೀಗ ಗಾಡಿ ಬಿಡಸ್ತೀನಿ" ಅಂದ. ಅರ್ಧ ಜನಕ್ಕೆ ಅಷ್ಟೇ ಸಾಕಾಗಿತ್ತು. ಮಧ್ಯಾಹ್ನದಿಂದ ಉಪವಾಸವಿದ್ದ ಮಕ್ಕಳು ಹೋಳಿಗೆಯ ವಾಸನೆಗೆ ಆಗಲೇ ಹಿಂದಿನ ಬಾಗಿಲ ಕಡೆ ತಿರುಗಿದ್ದವು.

ರತ್ನಾಬಾಯಿ ಊಟದ ಕಡೆ ತಿರುಗಲಿಲ್ಲ. ಅವಳು ನಡುದಾರಿಯಲ್ಲಿ ನಡೆದುಹೋಗಿ, ವೇದಿಕೆಯ ಮುಂದೆ ಹಾಸಿದ್ದ ಜಮಖಾನೆಯ ಮೇಲೆ ಕಾಲು ಚಾಚಿ ಕೂತಳು. ತುರುಬು ಬಿಚ್ಚಿದಳು. ಎದೆಯ ಮೇಲೆ ಕೈ ಬಡಿದುಕೊಂಡು, ಹೆಣದ ಮುಂದೆ ಕೂತು ಹಾಡಿಕೊಂಡು ಅಳುವಂತೆ, ದನಿ ತೆಗೆದಳು.

"ಯಕ್ಕಾ... ನನ್ನ ಹೊತ್ತ ಬಗಲ ಬರಿದಾತೇನs... ಬಾಯಿಗೆ ನೀರ ಬಿಡಾಕ ಬರತೇನಂದ ತಂಗಿನ್ನ ಬಿಟ್ಟ ಹೋದೇನs... ನಡುದಾರ್ಯಾಗ ನನ್ನ ಕಟ್ಟಿ ಹಾಕ್ಯಾರವಾ ಯಕ್ಕಾ..."

ಸನಾದಿಯವನು ಊದುವುದನ್ನು ನಿಲ್ಲಿಸಿದ.  ಶುಭದ ಹೊತ್ತಿನಲ್ಲಿ ಸಾವಿನ ಹಾಡು! ಲಿಂಗವಂತರಿಗೆ ಸೂತಕವಿಲ್ಲ ಎಂದು ಬಾಯಲ್ಲಿ ಹೇಳುವವರೇ ಎಲ್ಲ. ಆದರೂ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು, ಯಾರೋ ತಟ್ಟೆಯ ಕುಂಕುಮವನ್ನು ಮುಚ್ಚಿದರು.

ಶಿವಪ್ಪ ಅವಳ ರಟ್ಟೆ ಹಿಡಿದ. "ಏಳ್ರಿ, ಏಳ್ರಿ ಬಾಯಾರ. ನಿಮ್ಮ ಕಾಲ ಬೀಳ್ತೀನಿ. ಮಗಳ ಶುಭಕಾರ್ಯ ಐತಿ."

ರತ್ನಾಬಾಯಿ ಅವನ ಕೈ ಕಿತ್ತೆಸೆದಳು. "ಹೆಣ ಎದ್ದು ಎಲ್ಲಿಗರ ಓಡಿ ಹೋಗತೈತೇನು ಅಂದ್ಯಲ್ಲೊ? ಓಡಿ ಬಂದೈತಿ ನೋಡು. ನಿನ್ನ ಮಗಳ ಸಾಖರಪುಡಾಕ್ಕ ಬಂದೈತಿ. ಕುಂದರಸು. ಊಟಕ್ಕ ಬಡಸು!"

ಆಮೇಲೆ ಅವಳು ಶಾಂತಮ್ಮನ ಕಡೆ ತಿರುಗಿ, ಅಳು ನಿಲ್ಲಿಸಿ, ಕಣ್ಣೀರು ಹರಿಯುತ್ತಿದ್ದಂತೆಯೇ ಒಂದೊಂದಾಗಿ ಹೇಳಿದಳು. ಕೆಟ್ಟ ಬಸ್ಸು, ಹೊರಗೆ ಮಾಲೆ ಹಾಕಿಕೊಂಡು ನಿಂತ ಬಸ್ಸು, ಅರ್ಧ ತಾಸಿನ ಸುಳ್ಳು, ಫೋನಿನಲ್ಲಿ ಅಂದ ಮಾತು. ಹಣಮಂತ್ರಾಯನನ್ನು ಎದುರಿಗೆ ಕರೆದಳು. ಅವನು ತಲೆ ತಗ್ಗಿಸಿ ಹೌದೆಂದ.

ಶಾಂತಮ್ಮ ಎದ್ದು ನಿಂತರು. "ಶಿವಪ್ಪನವ್ರೇ, ನಾವು ಹತ್ತಿ ಬಂದಿದ್ದು ಈ ಜನ ಹೋಗಬೇಕಾಗಿದ್ದ ಬಸ್ಸಾ?"

"ಗಾಡಿ ಕೆಡೂದು ಧಂಧೇದಾಗ ಇದ್ದದ್ದ ರೀ ಶಾಂತಮ್ಮನವರ..."

"ಗಾಡಿ ವಿಷಯ ಆಮೇಲೆ. ಸತ್ತವರ ಮನೆಯೋರಿಗೆ ಆ ಮಾತು ಅಂದ್ರಾ ಇಲ್ವಾ, ಅದನ್ನ ಹೇಳಿ."

 ವೇದಿಕೆಯಿಂದ ಮಗಳು ಹರ್ಷಿತಾ ಇಳಿದು ಬಂದಳು. ಠಾಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತಿತ್ತು, ಆಡುತ್ತಿದ್ದದ್ದು ಮರಾಠಿ. "ಪಪ್ಪಾ, ಹೇ ಖರಂ ಆಹೇ ಕಾ?" ನಿಜವಾ ಎಂದು ಕೇಳಿದವಳಿಗೆ ಅಪ್ಪನ ಮುಖವೇ ಉತ್ತರ ಕೊಟ್ಟಿತು. ಅವಳು ಮೆಹಂದಿ ಹಚ್ಚಿದ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

ಆ ಹುಡುಗಿಯ ಮೇಲೆ ಕನಿಕರ ಬರಬೇಕಿತ್ತು. ರತ್ನಾಬಾಯಿಗೆ ಬರಲಿಲ್ಲ. ಅವಳು ಶಿವಪ್ಪನನ್ನೇ ನೋಡುತ್ತಿದ್ದಳು. ರುಮಾಲು ಒಂದು ಕಡೆ ವಾಲಿ, ಕುತ್ತಿಗೆಯ ಬೆವರು ಜರಿಯ ಶಲ್ಯಕ್ಕೆ ಇಳಿಯುತ್ತಿತ್ತು. ಮಧ್ಯಾಹ್ನದಿಂದ ಇದೇ ಮೊದಲ ಸಲ ಅವಳ ಎದೆ ತಣ್ಣಗಾಯಿತು. ಆದರೆ ತಣ್ಣಗಾದದ್ದು ಸಾಲಲಿಲ್ಲ.

"ಗಾಡಿ ಕೊಡ್ತೀನಿ, ಈಗಿಂದೀಗ ಹೋಗ್ರಿ" ಅಂದ ಶಿವಪ್ಪ.

"ಗಾಡಿ ನಮ್ಮದs ಐತಿ, ನೀ ಕೊಡೂದೇನು? ನೀನೂ ಬರಬೇಕು."

"ಎಲ್ಲಿಗೆ?"

"ತಾಳಿಕೋಟಿಗೆ. ನನ್ನ ಅಕ್ಕನ ಮಣ್ಣಿನ ಮುಂದ ನಿಂತು, ನನಗ ಅಂದ ಮಾತು ಅಕೀಗೆ ಅನ್ನಬೇಕು. ಅಲ್ಲೀತನ ನಾ ಇಲ್ಲಿಂದ ಏಳಂಗಿಲ್ಲ. ಅಳೂದೂ ನಿಲ್ಲಸಂಗಿಲ್ಲ."

ಅವಳು ಮತ್ತೆ ದನಿ ತೆಗೆಯಲು ಉಸಿರೆಳೆದುಕೊಂಡಳು. ಶಾಂತಮ್ಮ ತಟ್ಟೆಗಳ ಮೇಲೆ ವಸ್ತ್ರ ಮುಚ್ಚಿದರು. "ಹೋಗಿ ಬನ್ನಿ ಶಿವಪ್ಪನವ್ರೇ. ಉಂಗುರ ಇವತ್ತು ಹಾಕಿಸೋಕೆ ನನಗೆ ಮನಸ್ಸಿಲ್ಲ. ಮುಂದಿನ ಮಾತು ನೀವು ವಾಪಸ್ ಬಂದ ಮೇಲೆ." ಶಿವಪ್ಪ ಮಗಳ ಕಡೆ ನೋಡಿದ. ಹರ್ಷಿತಾ ಮುಖದಿಂದ ಕೈ ತೆಗೆಯದೆ, "ಜಾ ಪಪ್ಪಾ" ಎಂದು ಹೋಗಲು ಹೇಳಿದಳು.

ಉಳಿದವರು ಊಟ ಮಾಡಿ ಬಂದು ಬಸ್ಸು ಹತ್ತಿದರು. ಝೆಂಡು ಹೂವಿನ ಮಾಲೆಯನ್ನು ಹಣಮಂತ್ರಾಯನೇ ಕಿತ್ತು ಗಟಾರಕ್ಕೆ ಹಾಕಿದ. ಶಿವಪ್ಪ ಡ್ರೈವರಿನ ಬಗಲಿನ ಮರದ ಪೆಟ್ಟಿಗೆಯ ಮೇಲೆ, ತನ್ನದೇ ಗಾಡಿಯಲ್ಲಿ ಸೀಟಿಲ್ಲದವನಂತೆ, ರುಮಾಲನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನ ಜೊತೆ ಯಾರೂ ಮಾತಾಡಲಿಲ್ಲ. ರತ್ನಾಬಾಯಿ ಅವನ ಹಿಂದಿನ ಸೀಟಿನಲ್ಲೇ ಕೂತು, ಊರು ಬರುವ ತನಕ ಅವನ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಬಿಸಿಲು ಏರಿದ ಮೇಲೆ ತಾಳಿಕೋಟೆಯ ಹೊರಗೆ ಇಬ್ಬರನ್ನೂ ಇಳಿಸಿ ಬಸ್ಸು ಮುಂದೆ ಹೋಯಿತು. ಹೊಲದ ಅಂಚಿನಲ್ಲಿ ಹಸಿ ಮಣ್ಣಿನ ದಿಬ್ಬ, ಅದರ ಮೇಲೆ ಬಾಡಿದ ಬಿಲ್ವಪತ್ರೆ. ಕಿಟ್ಟುವೂ ಓಣಿಯ ನಾಲ್ಕಾರು ಮಂದಿಯೂ ಕಾಯುತ್ತಿದ್ದರು. ಬಸ್ಸಿನಿಂದಲೇ ಫೋನು ಮಾಡಿ ರತ್ನಾಬಾಯಿ ಎಲ್ಲ ಹೇಳಿದ್ದಳು.

ಶಿವಪ್ಪ ಚಪ್ಪಲಿ ಬಿಟ್ಟು ದಿಬ್ಬದ ಮುಂದೆ ನಿಂತ. ಕೈ ಮುಗಿದ. "ತಪ್ಪಾತು ತಾಯಿ" ಅಂದ.

"ತಪ್ಪಾತು ಅನ್ನಾಕ ನಿನ್ನ ಕರಕೊಂಡ ಬಂದಿಲ್ಲ" ಎಂದಳು ರತ್ನಾಬಾಯಿ. "ಅಂದದ್ದನ್ನ ಅನ್ನು."

ಅವನು ಸುತ್ತ ನೋಡಿದ. ಯಾರ ಮುಖದಲ್ಲೂ ಅವನ ಮೇಲೆ ಕನಿಕರವಿರಲಿಲ್ಲ. ಒಣಗಿದ ತುಟಿಗಳು ಅಲುಗಿದವು. "ಸತ್ತವರಿಗೆ... ಏನ್ ಅವಸರ ಇರತೈತಿ..."

"ಗಟ್ಟಿಯಾಗಿ."

"ಹೆಣ ಎದ್ದು ಎಲ್ಲಿಗರ ಓಡಿ..." ಅಷ್ಟರಲ್ಲಿ ಅವನ ದನಿ ಒಡೆಯಿತು. ಐವತ್ತು ದಾಟಿದ ಗಂಡಸು ಮೊಣಕಾಲು ಊರಿ, ಬಿಸಿ ಮಣ್ಣಿನ ಮೇಲೆ ಅಂಗೈಯಿಟ್ಟು ಅತ್ತ. ಕಿಟ್ಟು ಮುಷ್ಟಿ ಕಟ್ಟಿ ಮುಂದೆ ಬಂದ. ರತ್ನಾಬಾಯಿ ಅವನನ್ನು ತಡೆದಳು.

"ಬ್ಯಾಡ. ನಿಮ್ಮವ್ವನ ಮುಂದ ಕೈ ಹೊಲಸ ಮಾಡಕೋಬ್ಯಾಡ. ಅಂವಾ ನಡಕೋತ ಹೋಗ್ಲಿ."

ಯಾರೂ ಅವನಿಗೆ ನೀರು ಕೊಡಲಿಲ್ಲ. ಶಿವಪ್ಪ ಜರಿಯ ಶಲ್ಯವನ್ನು ತಲೆಯ ಮೇಲೆ ಎಳೆದುಕೊಂಡು ಡಾಂಬರು ರಸ್ತೆಯತ್ತ ನಡೆದ. ಅವನು ಸಣ್ಣದಾಗುತ್ತ ಹೋಗಿ ಜಾಲಿಗಿಡಗಳ ಹಿಂದೆ ಮರೆಯಾಗುವ ತನಕ ಅವಳು ನೋಡಿದಳು. ನೋಡಿ ಸಂತೋಷಪಟ್ಟಳು, ಅದನ್ನು ಆಮೇಲೆ ಯಾರ ಮುಂದೆಯೂ ಮುಚ್ಚಿಡಲಿಲ್ಲ.

ಆಮೇಲೆ ಅಕ್ಕನ ಹತ್ತಿರ ಕೂತಳು. ಓಣಿಯ ಹೆಂಗಸರು ಸುತ್ತ ನೆರೆದು, ತಂಗಿ ಬಂದಳು, ಇನ್ನು ಹಾಡಿಕೊಂಡು ಅಳುತ್ತಾಳೆ ಎಂದು ತಾವೂ ಸೆರಗು ಬಾಯಿಗೆ ಹಿಡಿದು ಕಾದರು. ರತ್ನಾಬಾಯಿ ಬಾಯಿ ತೆರೆದಳು. ದನಿ ಬರಲಿಲ್ಲ. ಕಣ್ಣು ಒತ್ತಿಕೊಂಡಳು; ಒಂದು ಹನಿಯೂ ಇಳಿಯಲಿಲ್ಲ. ಅಕ್ಕನಿಗೆಂದು ಇದ್ದ ಅಳುವನ್ನೆಲ್ಲ ಅವಳು ಗುರುತಿಲ್ಲದ ಮಂದಿಯ ನಡುವೆ, ನೌಪಾಡಾದ ಜಮಖಾನೆಯ ಮೇಲೆ ಸುರಿದು ಬಂದಿದ್ದಳು.

"ಅಳs ಯವ್ವಾ, ಎದಿ ಹಗರ ಆಗತೈತಿ" ಎಂದಳು ಒಬ್ಬ ಮುದುಕಿ.

"ಬರವಲ್ದು ಯವ್ವಾ" ಅಂದಳು ರತ್ನಾಬಾಯಿ.

 ಈ ಅಳುವನ್ನೂ ಕಸಿದುಕೊಂಡವನು ಶಿವಪ್ಪನೇ ಎಂದು ಅವಳಿಗೆ ಅನಿಸಿತು. ಅವನನ್ನು ಅಷ್ಟು ಸಸಾರವಾಗಿ ಹೋಗಗೊಡಬಾರದಿತ್ತು ಎಂದು ಎದ್ದು ರಸ್ತೆಯ ಕಡೆ ನೋಡಿದಳು. ರಸ್ತೆಯಲ್ಲಿ ಬಿಸಿಲ ಹೊರತು ಯಾರೂ ಇರಲಿಲ್ಲ.